ಸಹಾಯ ಬೇಕು: ಇದು ದೇವರ ಕರೆಯೋ, ನನ್ನ ಒಂಟಿತನವೋ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಾವು ಧಾರವಾಡದವರು, ಪುಣೆಯ ಪಿಂಪ್ರಿಗೆ ಬಂದು 22 ವರ್ಷ ಆಯಿತು. ಹೋದ ವರ್ಷ ಯಜಮಾನರು ತೀರಿಕೊಂಡರು. ಮಗಳು ಮದುವೆಯಾಗಿ ಹೋದಳು. ಮನೆಯಲ್ಲಿ ನಾನು, ಕುಕ್ಕರ್ ಸೀಟಿ, ಅಷ್ಟೇ.

ಈಗ ಪಾಸ್ಟರ್ ಅವರು ಬುಧವಾರದ ಹೆಂಗಸರ ಪ್ರಾರ್ಥನಾಕೂಟ ನೀವೇ ನಡೆಸಿ ಅಂತಿದ್ದಾರೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ ನಾನು. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದೆ. ಅಕ್ಕನನ್ನು ಕೇಳಿದರೆ 'ಒಂದು ವರ್ಷ ತಡಿ' ಅಂದಳು.

ಬೈಬಲಿನ ಆದಿಕಾಂಡ 12ರಲ್ಲಿ ದೇವರ ಮಾತು ಕೇಳಿ ಹಾರಾನ್ ಊರು ಬಿಟ್ಟು ಹೊರಟಾಗ ಅಬ್ರಾಮನಿಗೆ (ಮುಂದೆ ಅಬ್ರಹಾಮ ಆದವನಿಗೆ) 75 ವರ್ಷ. ನನಗೆ ಬರೀ 54. ಆದರೆ ಅವನಿಗೆ ದೇವರೇ ಹೇಳಿದ್ದ, ನನಗೆ ಹೇಳಿದ್ದು ಪಾಸ್ಟರ್ ಅಲ್ವಾ?

ಸುಮ್ನೆ ಒಂಟಿತನ ಕಳೆಯೋಕೆ ಒಪ್ಪಿಕೊಳ್ಳುತ್ತಿದ್ದೇನಾ ಅಂತ ಭಯ. ಇಂಥ ಹೊತ್ತಲ್ಲಿ ಹೆಜ್ಜೆ ಇಟ್ಟವರು ಹೇಳಿ: ಅದು ಕರೆಯೇ ಅಂತ ನಿಮಗೆ ಹೇಗೆ ಗೊತ್ತಾಯಿತು?