ಚಿಕ್ಕಪ್ಪನ ಪೈಥಾನ್: ಹೊಡೆಯಲಾ, ಹಾಗೇ ಎತ್ತಿಡಲಾ?

ಆರನೇಗುಂಡು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡರು. ಅವರ ಕೋಲ್ಟ್ ಪೈಥಾನ್ ರಿವಾಲ್ವರ್ ಈಗ ನನ್ನ ಹೆಸರಿಗೆ ಬಂದಿದೆ. ಲೈಸೆನ್ಸ್ ಕೆಲಸ ಎಲ್ಲ ಮುಗಿದಿದೆ, ಆ ಚಿಂತೆ ಇಲ್ಲ. 1976ರಲ್ಲಿ ತಯಾರಾದದ್ದು. .357 ಮ್ಯಾಗ್ನಮ್ ಗುಂಡಿನದು, ಆರಿಂಚು ನಳಿಗೆ, ರಾಯಲ್ ಬ್ಲೂ ಪಾಲಿಶ್. ವಾಲ್‌ನಟ್ ಹಿಡಿಯಲ್ಲಿ ಆ ಪುಟ್ಟ ಕುದುರೆಯ ಬಿಲ್ಲೆ. ಮರದ ಗೆರೆಗಳ ಚಿತ್ರ ಇರುವ ರಟ್ಟಿನ ಡಬ್ಬಿ, ಒಳಗೆ ಥರ್ಮಾಕೋಲ್, ಜೊತೆಗೆ ಬಂದ ಪುಸ್ತಿಕೆ, ಎಲ್ಲವೂ ಇವೆ.

ಚಿಕ್ಕವನಿದ್ದಾಗ ಅವರು ಇದನ್ನು ಒರೆಸುವುದನ್ನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಮೊದಲು ಸಿಲಿಂಡರ್ ತೆರೆದು, ಆರೂ ತೂತು ಖಾಲಿ ಅಂತ ನನಗೆ ತೋರಿಸುತ್ತಿದ್ದರು. ಆಮೇಲೆ ಹಳೇ ಬನಿಯನ್ ತುಂಡಿಗೆ ಎರಡೇ ಎರಡು ಹನಿ ಎಣ್ಣೆ. ನಳಿಗೆ ಮೇಲೆ ಬಟ್ಟೆ ಓಡಿಸುವಾಗ ಮಾತೇ ಆಡುತ್ತಿರಲಿಲ್ಲ. ಆ ನೀಲಿಯೊಳಗೆ ಅವರ ಮುಖ ಉದ್ದಕ್ಕೆ ಎಳೆದ ಹಾಗೆ ಕಾಣುತ್ತಿತ್ತು. ಇದರಲ್ಲಿ ಯಾಕೆ ಹೊಡೆಯುವುದಿಲ್ಲ ಅಂತ ಒಂದು ಸಲ ಕೇಳಿದ್ದೆ. "ಹೊಡೆಯೋಕೆ ಅಂತಲೇ ತಗೊಂಡೆ ಕಣೋ, ಮನಸ್ಸು ಬರಲಿಲ್ಲ" ಅಂದಿದ್ದರು.

ನಾನು ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗುತ್ತೇನೆ. ಒಂದು ಗುಂಡು ಹೊಡೆದರೂ ಇದರ ಬೆಲೆ ಬಿದ್ದುಹೋಗುತ್ತದೆ ಅಂತ ಅಲ್ಲಿ ಒಬ್ಬರು ಹೇಳುತ್ತಾರೆ. ಹೊಡೆಯದ ಗನ್ ಬರೀ ಕಬ್ಬಿಣ ಅಂತ ಇನ್ನೊಬ್ಬರು. ಮಾರುವ ಯೋಚನೆ ನನಗಿಲ್ಲ. ಆದರೆ ಅವರು ಅಷ್ಟು ಜೋಪಾನ ಮಾಡಿದ್ದು ನನ್ನ ಕೈಯಲ್ಲಿ ಹಾಳಾಗಬಾರದು. ಏನು ಮಾಡಲಿ?

ನೀಲಿಉಕ್ಕು:

ಚಿಕ್ಕಪ್ಪನ ವಿಷಯ ಓದಿ ಬೇಜಾರಾಯಿತು. ನಿಮ್ಮ ಸ್ನೇಹಿತರಿಬ್ಬರೂ ಒಂದು ಮಾತು ಬಿಟ್ಟಿದ್ದಾರೆ. ಕಾಪಾಡುವುದು ಅಂದರೆ ಏನನ್ನು ಕಾಪಾಡುವುದು? ಮೊದಲು ಅದು ಗೊತ್ತಾಗಬೇಕು ಅಲ್ವಾ?

ಸಂಗ್ರಹಕಾರರು ಮುಗಿಬೀಳುವುದು 'ಹೊಡೆಯದ' ಗನ್‌ಗೆ. ಅಂದರೆ ಕಾರ್ಖಾನೆಯಲ್ಲಿ ಪರೀಕ್ಷೆಗೆ ಹೊಡೆದದ್ದು ಬಿಟ್ಟರೆ ಆಮೇಲೆ ಯಾರೂ ಹೊಡೆಯದ್ದು. ಆ ಹೆಸರು ಒಂದು ಸಲ ಹೋದರೆ ಹೋಯಿತು. ಆದರೆ ಆಗಲೇ ಹೊಡೆದಿರುವ ಗನ್ ಆದರೆ, ಇನ್ನೊಂದಷ್ಟು ಗುಂಡು ಜೋಪಾನವಾಗಿ ಹೊಡೆದ ಮಾತ್ರಕ್ಕೆ ಹೇಳಿಕೊಳ್ಳುವಂಥ ನಷ್ಟ ಆಗುವುದಿಲ್ಲ. ಎರಡೂ ಬೇರೆ ಬೇರೆ ಲೆಕ್ಕ.

ಹಾಗಾಗಿ ಒಳ್ಳೇ ಬೆಳಕಿನಲ್ಲಿ ನೋಡಿ. ಸಿಲಿಂಡರ್ ಸುತ್ತ ತೆಳ್ಳಗೆ ಒಂದು ಗೆರೆ ಬಿದ್ದಿದೆಯಾ? ಅದೊಂದನ್ನೇ ನಂಬಬೇಡಿ, ಗುಂಡಿಲ್ಲದೆ ಸುಮ್ನೆ ತಿರುಗಿಸಿದರೂ ಆ ಗೆರೆ ಬೀಳುತ್ತದೆ. ಸಿಲಿಂಡರಿನ ಮುಂಭಾಗದಲ್ಲಿ ಆರೂ ತೂತುಗಳ ಸುತ್ತ ಮಸಿ ಉಂಗುರ ಇದೆಯಾ ನೋಡಿ. ನಳಿಗೆ ಶುರುವಾಗುವ ಜಾಗದ ಮೇಲೆ, ಫ್ರೇಮಿನ ಒಳಮೈಯಲ್ಲಿ ಬೆಂಕಿ ತಾಗಿದ ಗುರುತು ಇದೆಯಾ ನೋಡಿ. ಡಬ್ಬಿಯ ಮೇಲಿನ ನಂಬರ್ ಗನ್ ನಂಬರಿಗೆ ಹೊಂದುತ್ತದಾ ಅಂತಲೂ ನೋಡಿ. ನೋಡಿ ಆದಮೇಲೆ ಬರೆಯಿರಿ. ಅಲ್ಲಿಯವರೆಗೆ ಟ್ರಿಗರ್ ಎಳೆದು ಆಟ ಬೇಡ.

ಎರಡನೇಸಾಲು:

ತಿಂಗಳಿಗೆ ಎರಡು ಸಲ ಹೊಡೆಯಲು ಪೈಥಾನೇ ಬೇಕು ಅಂದರೆ, 2020ರಲ್ಲಿ ಕೋಲ್ಟ್ ಮತ್ತೆ ಶುರು ಮಾಡಿದ ಸ್ಟೇನ್‌ಲೆಸ್ ಪೈಥಾನ್ ನೋಡಿ. ಒಳಗಿನ ಕೆಲಸ ಬದಲಾಗಿದೆ, ಗಟ್ಟಿಮುಟ್ಟಾಗಿದೆ. ನನ್ನದು ವಾರ ವಾರ ಕೆಲಸ ಮಾಡುತ್ತದೆ. ಹಳೇದನ್ನು ಅಷ್ಟು ದುಡಿಸಬೇಡಿ.

ಹಳೇಕಬ್ಬಿಣ:

ನಾನು ಇದರಲ್ಲಿ ಎರಡೂ ಕಡೆ ಪೆಟ್ಟು ತಿಂದವನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನನ್ನ ಬಳಿ ಒಂದು ಸ್ಮಿತ್ ಅಂಡ್ ವೆಸನ್ ಮಾಡೆಲ್ 27 ರಿವಾಲ್ವರ್ ಇತ್ತು. ಹೊಡೆಯಬಾರದು ಅಂತ ತೀರ್ಮಾನ ಮಾಡಿದೆ. ಚೆನ್ನಾಗಿ ಎಣ್ಣೆ ಹಚ್ಚಿ, ಅದರದೇ ಚರ್ಮದ ಹೋಲ್‌ಸ್ಟರಿಗೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಾಲ್ಕು ವರ್ಷ ಆದಮೇಲೆ ಹೊರಗೆ ತೆಗೆದರೆ ಚರ್ಮಕ್ಕೆ ಒತ್ತಿಕೊಂಡಿದ್ದ ಕಡೆಯೆಲ್ಲ ಕಂದು ಚುಕ್ಕೆ. ಒರೆಸಿದೆ. ಬಣ್ಣ ಹೋಯಿತು, ಚುಕ್ಕೆ ಹೋಗಲಿಲ್ಲ. ಉಗುರು ಆಡಿಸಿದರೆ ಗುಳಿ ತಗಲುತ್ತಿತ್ತು. ಚರ್ಮ ಗಾಳಿಯ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹದ ಮಾಡುವಾಗ ಬಳಸಿದ ಉಪ್ಪು, ಆಮ್ಲವೂ ಅದರಲ್ಲಿ ಉಳಿದಿರುತ್ತದೆ. ಒಂದೇ ಒಂದು ಗುಂಡು ಹೊಡೆಯದೆ ಅದನ್ನು ಹಾಳು ಮಾಡಿದ್ದೆ. ಹೊಡೆಯುತ್ತಿದ್ದರೆ ತಿಂಗಳಿಗೊಮ್ಮೆಯಾದರೂ ಕೈಗೆ ಬರುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು.

ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ಒಬ್ಬರಿಗೆ ಕೊಟ್ಟು ಹೊಸದಾಗಿ ಪಾಲಿಶ್ ಹೊಡೆಸಿ, ಮತ್ತೆ ನೀಲಿ ಮಾಡಿಸಿದೆ. ವಾಪಸ್ ಬಂದಾಗ ಪಳಪಳ ಹೊಳೆಯುತ್ತಿತ್ತು. ಆದರೆ ಕೊರೆದ ಅಕ್ಷರಗಳ ಅಂಚು ಸವೆದು ಮೊಂಡಾಗಿತ್ತು. ಫ್ರೇಮಿನ ಚೂಪು ಏಣುಗಳು ಬಳಸಿದ ಸೋಪಿನ ಹಾಗೆ ಕರಗಿದ್ದವು. ಕಂಪನಿಯ ಮೂಲ ಪಾಲಿಶ್ ಸವೆದಿದ್ದರೂ ಸರಿ, ಅದಕ್ಕೆ ಕೈ ಹಾಕಬೇಡಿ. ಇದನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಹೊಡೆಯುವ ವಿಷಯ. ಹಳೇ ಪೈಥಾನ್‌ನಲ್ಲಿ 'ಹ್ಯಾಂಡ್' ಅನ್ನುವ ಪುಟ್ಟ ತುಂಡು ಸಿಲಿಂಡರನ್ನು ತಳ್ಳಿ ತಿರುಗಿಸುತ್ತದೆ. ಟ್ರಿಗರ್ ಪೂರ್ತಿ ಎಳೆದಾಗಲೂ ಅದು ಒತ್ತಿ ಹಿಡಿದೇ ಇರುತ್ತದೆ. ಗುಂಡು ಹಾರುವಾಗ ಸಿಲಿಂಡರ್ ಕದಲದೆ ಬಿಗಿಯಾಗಿ ನಿಲ್ಲುವುದು ಅದರಿಂದಲೇ. ಆ ತುಂಡು ಸವೆಯುವುದೂ ಅದರಿಂದಲೇ. ಸವೆದರೆ ಹ್ಯಾಮರ್ ಪೂರ್ತಿ ಹಿಂದಕ್ಕೆ ಬಂದರೂ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಕೂರುವುದಿಲ್ಲ. ಇದನ್ನು ಸರಿ ಮಾಡಬಲ್ಲ ಕೈಗಳು ಈಗ ಕಡಿಮೆ. ಸಿನಿಮಾದಲ್ಲಿ ಮಾಡುವ ಹಾಗೆ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚುವುದಂತೂ ಬೇಡವೇ ಬೇಡ, ಸಿಲಿಂಡರನ್ನು ಹೊತ್ತು ಹೊರಗೆ ತೆರೆದುಕೊಳ್ಳುವ ತೋಳು, ಅಂದರೆ ಕ್ರೇನ್, ಬಾಗುತ್ತದೆ. ಎಡಗೈ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಮುಚ್ಚಿ.

ಗುಂಡು .38 ಸ್ಪೆಷಲ್ ಹಾಕಿ. .357ರ ಗನ್‌ನಲ್ಲಿ ಅದು ನಡೆಯುತ್ತದೆ, ಒತ್ತಡ ಸುಮಾರು ಅರ್ಧ. ಮ್ಯಾಗ್ನಮ್ ಹೊಡೆಯುವ ಆಸೆಗೆ ನಿಮ್ಮ ಇನ್ನೊಂದು ಗನ್ ಇರಲಿ.

ಆರನೇಗುಂಡು:

ಹಳೇಕಬ್ಬಿಣ ಅವರೇ, ನಿಮ್ಮ ಪೋಸ್ಟ್ ಓದಿದ ತಕ್ಷಣ ಎದ್ದು ಹೋಗಿ ನೋಡಿದೆ. ಪುಣ್ಯಕ್ಕೆ ತುಕ್ಕು ಎಲ್ಲೂ ಇಲ್ಲ. ಸಿಲಿಂಡರ್ ಸುತ್ತ ತೆಳ್ಳನೆ ಗೆರೆ ಇದೆ. ಆರೂ ತೂತಿನ ಸುತ್ತ ಮಸಿ ಇದೆ, ಜಾಸ್ತಿ ಇಲ್ಲ. ಡಬ್ಬಿ ನಂಬರ್ ಹೊಂದುತ್ತದೆ.

ಇನ್ನೊಂದು ವಿಷಯ. ಥರ್ಮಾಕೋಲ್ ಎತ್ತಿದಾಗ ಪುಸ್ತಿಕೆಯನ್ನು ಮೊದಲ ಸಲ ಪೂರ್ತಿ ತಿರುವಿದೆ. ಕೊನೇ ಪುಟದಲ್ಲಿ ಪೆನ್ಸಿಲ್ ಬರಹ, ಚಿಕ್ಕಪ್ಪನ ಕೈಬರಹವೇ. ಒಂದು ತಾರೀಖು, ಕೆಳಗೆ "18 ಗುಂಡು. ಸಾಕು" ಅಂತ. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ. ಅವರು ಹೊಡೆದಿದ್ದರು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವರ್ಷಕ್ಕೊಮ್ಮೆ 18 ಗುಂಡು ಹೊಡೆಯುತ್ತೇನೆ. .38 ಸ್ಪೆಷಲ್ ಮಾತ್ರ. ಅದಕ್ಕೆ ಮೊದಲು ಗೊತ್ತಿರುವ ಗನ್‌ಸ್ಮಿತ್ ಒಬ್ಬರಿಗೆ ತೋರಿಸಿ ಟೈಮಿಂಗ್, ಅಂದರೆ ಸಿಲಿಂಡರ್ ಸರಿಯಾದ ಹೊತ್ತಿಗೆ ತನ್ನ ಜಾಗಕ್ಕೆ ಬಂದು ಕೂರುತ್ತದಾ ಅಂತ ನೋಡಿಸುತ್ತೇನೆ. ಉಳಿದ ದಿನ ಹೇಗೆ ಇಡಲಿ? ಮತ್ತೆ, ನನ್ನ ತಾರೀಖನ್ನೂ ಅವರ ಬರಹದ ಕೆಳಗೇ ಬರೆಯಬಹುದಾ?

ನೀಲಿಉಕ್ಕು:

ಆ ಪುಸ್ತಿಕೆಯನ್ನು ಗನ್‌ನಷ್ಟೇ ಜೋಪಾನ ಮಾಡಿ.

ಇಡುವುದಕ್ಕೆ: ಹೊಡೆದ ದಿನವೇ ಸ್ವಚ್ಛ ಮಾಡಿ. .38ರ ತೋಟೆ ಗಿಡ್ಡ, ಹಾಗಾಗಿ ತೂತಿನೊಳಗೆ ಮಸಿ ಉಂಗುರ ಕಟ್ಟುತ್ತದೆ. ಬ್ರಷ್ ಹಾಕಿ ತೆಗೆಯಿರಿ. ಹೊರಮೈಗೆ ಮ್ಯೂಸಿಯಂನವರು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ, ತೆಳ್ಳಗೆ. ಹತ್ತಿ ಕೈಗವಸು ಹಾಕಿಕೊಳ್ಳಿ, ಬೆವರಿನ ಉಪ್ಪಿನಿಂದ ಬೆರಳಚ್ಚಿನ ಜಾಗದಲ್ಲೇ ತುಕ್ಕು ಏಳುತ್ತದೆ. ಡಬ್ಬಿ ಬೇರೆ ಕಡೆ ಇರಲಿ, ಗನ್ ಬೀಗ ಇರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇರಲಿ. ತೇವ ಶೇಕಡಾ 50ರ ಆಸುಪಾಸು ಸಾಕು. ತಿಂಗಳಿಗೊಮ್ಮೆ ತೆಗೆದು ನೋಡಿ.

ತಾರೀಖನ್ನು ಬೇರೆ ಚೀಟಿಯಲ್ಲಿ ಬರೆದು ಅದೇ ಪುಟದ ನಡುವೆ ಇಡಿ. ಅವರ ಪುಟ ಅವರದ್ದೇ ಇರಲಿ. ಆಮ್ಲ ಇಲ್ಲದ ಕಾಗದ ಸಿಕ್ಕರೆ ಒಳ್ಳೆಯದು. ಪೆನ್ಸಿಲ್‌ನಲ್ಲೇ ಬರೆಯಿರಿ, ಇಂಕು ಹಾಳೆಯಿಂದ ಹಾಳೆಗೆ ಇಳಿಯುತ್ತದೆ.