ಪದಚರ್ಚೆ: ‘ರೆಡಿ’ಗೂ ‘ಕಂಪ್ಲೀಟ್’ಗೂ ಒಂದೇ ‘ಸಿದ್ಧ’ ಸಾಕೇ?

ಪ್ರಶ್ನೆ: ನೆಟ್‌ವರ್ಕ್ ಲೈಬ್ರರಿಯೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಈವರೆಗೆ ಇ-ಪೋಲ್ (epoll) ಮೇಲೆ ಓಡುತ್ತಿದ್ದ ಪ್ರೋಗ್ರೆಸ್ ಲೂಪಿಗೆ ಐಓ-ಯೂರಿಂಗನ್ನು (io_uring) ಇನ್ನೊಂದು ಬ್ಯಾಕೆಂಡಾಗಿ, ಎಂದರೆ ತೆರೆಮರೆಯಲ್ಲಿ ಕೆಲಸ ಮಾಡುವ ಭಾಗವಾಗಿ, ಸೇರಿಸುವ ಅಧ್ಯಾಯವಿದು. ಎರಡೂ ಡೇಟಾ ಓದು-ಬರಹದ ಸುದ್ದಿಯನ್ನು ಪ್ರೋಗ್ರಾಮಿಗೆ ತಿಳಿಸುವ ಲಿನಕ್ಸ್ ಸೌಲಭ್ಯಗಳು. ಕರಡಿನಲ್ಲಿ ಪ್ರೋಗ್ರೆಸ್ ಲೂಪಿಗೆ ‘ಪ್ರಗತಿ ಕುಣಿಕೆ’ ಎಂದೂ, ‘ರೆಡಿ’, ‘ಕಂಪ್ಲೀಟ್’ ಎರಡಕ್ಕೂ ‘ಸಿದ್ಧ’ ಎಂದೂ ಇದೆ. ಸರಿಯೇ?

ಉತ್ತರ: ‘ಪ್ರಗತಿ ಕುಣಿಕೆ’ ಕೇಳಿದರೆ ಯಾವುದೋ ಸರ್ಕಾರಿ ಯೋಜನೆಯ ಹೆಸರಿನಂತಿದೆ. ಇಲ್ಲಿ ಪ್ರೋಗ್ರೆಸ್ ಎಂದರೆ ಬಾಕಿ ಇರುವ ಕೆಲಸವನ್ನು ಮುಂದಕ್ಕೆ ಸಾಗಿಸುವುದು, ಅಷ್ಟೇ. ‘ಪ್ರೋಗ್ರೆಸ್ ಲೂಪ್’ ಎಂದೇ ಬಿಡಿ, ಕ್ರಿಯಾಪದಕ್ಕೆ ‘ಸಾಗಿಸು’ ಬಳಸಿ. ‘ಮುಂದೂಡು’ ಮಾತ್ರ ಬೇಡ, ಅರ್ಥ ತಿರುಗುಮುರುಗಾಗುತ್ತದೆ.

‘ಸಿದ್ಧ’ದ ಗೊಂದಲ ಹಾಗಲ್ಲ, ಅದು ಓದುಗರ ಕೋಡನ್ನೇ ಕೆಡಿಸುತ್ತದೆ. ‘ಸಾಕೆಟ್ಟಿಗೆ (ನೆಟ್‌ವರ್ಕ್ ಸಂಪರ್ಕದ ತುದಿಗೆ) ಡೇಟಾ ಬಂದಿದೆ, ಓದಿಕೋ’ ಎನ್ನುವುದು ಇ-ಪೋಲ್. ‘ಓದಿ ನಿನ್ನ ಬಫರಿಗೆ (ಡೇಟಾ ಇಡುವ ಮೆಮೊರಿ ಜಾಗಕ್ಕೆ) ತುಂಬಿದ್ದಾಯಿತು’ ಎನ್ನುವುದು ಐಓ-ಯೂರಿಂಗ್. ಮೊದಲನೆಯದರಲ್ಲಿ ಸುದ್ದಿ ಬಂದಮೇಲೆ ಬಫರ್ ಹುಡುಕಿದರೂ ನಡೆಯುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಬಫರನ್ನು ಕೋರಿಕೆಯ ಜೊತೆಗೇ ಕೊಟ್ಟಿರುತ್ತೇವೆ, ಉತ್ತರ ಬರುವವರೆಗೆ ಅದು ಕರ್ನೆಲ್ಲಿನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಸುಪರ್ದಿನಲ್ಲಿರುತ್ತದೆ. ಟೈಮ್‌ಔಟ್ ಆಯಿತೆಂದು ಅದನ್ನು ಫ್ರೀ ಮಾಡಿದರೆ ಬಿಟ್ಟುಕೊಟ್ಟ ಮೆಮೊರಿಗೆ ಕರ್ನೆಲ್ ಬರೆಯಬಹುದು. ಕ್ಯಾನ್ಸಲ್ ಕಳಿಸಿದರೂ ಸಾಲದು, ಮೂಲ ಕೋರಿಕೆಯ ಉತ್ತರ ಕೈಸೇರಿದ ಮೇಲೆಯೇ ಬಫರ್ ಬಿಡಬೇಕು. ಹಾಗಾಗಿ ಮೊದಲನೆಯದಕ್ಕೆ ‘ಓದಲು ಸಿದ್ಧ’, ಎರಡನೆಯದಕ್ಕೆ ‘ಓದಿ ಮುಗಿದಿದೆ’ ಎಂದು ಬೇರೆಬೇರೆಯಾಗಿ ಬರೆಯಿರಿ. ‘ಮುಗಿದಿದೆ’ ಎಂದರೆ ಗೆದ್ದಿದೆ ಎಂದಲ್ಲ ಎಂಬುದನ್ನೂ ಸೇರಿಸಿ: ಫಲಿತಾಂಶ ಋಣಸಂಖ್ಯೆಯಾದರೆ ಅದು ದೋಷದ ಸಂಖ್ಯೆ. ಟಿಸಿಪಿಯಲ್ಲಿ 0 ಬಂದರೆ ಆಚೆಯವರು ಕಳಿಸುವುದನ್ನು ನಿಲ್ಲಿಸಿದ್ದಾರೆ.

ಕರಡಿನಲ್ಲಿ ‘ಸಲ್ಲಿಸು’ ಕೂಡ ಎರಡು ಕೆಲಸ ಮಾಡುತ್ತಿರಬಹುದು, ನೋಡಿಕೊಳ್ಳಿ. ರಿಂಗಿನಲ್ಲಿ (ಪ್ರೋಗ್ರಾಂ, ಕರ್ನೆಲ್ ಎರಡೂ ಹಂಚಿಕೊಂಡ ಸಾಲಿನಲ್ಲಿ) ಕೋರಿಕೆ ತುಂಬುವುದು ‘ಸಾಲಿಗೆ ಹಾಕು’, ಸಿಸ್ಟಂ ಕಾಲ್ ಮಾಡಿ ಕರ್ನೆಲ್ಲಿಗೆ ದಾಟಿಸುವುದು ‘ಸಲ್ಲಿಸು’. ಸಾಲಿಗೆ ಹಾಕಿ ಸಲ್ಲಿಸದೆ ಲೂಪ್ ಮಲಗಿದರೆ, ಆ ಕೋರಿಕೆಗಾಗಿ ಎಬ್ಬಿಸಲು ಕರ್ನೆಲ್ಲಿನಲ್ಲಿ ಏನೂ ಇರದು, ಪ್ರೋಗ್ರಾಂ ಅಲ್ಲೇ ನಿಲ್ಲಬಹುದು. ಕರ್ನೆಲ್ ಥ್ರೆಡ್ಡೇ ಸಾಲನ್ನು ನೋಡುತ್ತಿರುವ ವಿಧಾನದಲ್ಲಿ ಲೆಕ್ಕ ಬೇರೆ, ಅದಕ್ಕೊಂದು ಅಡಿಟಿಪ್ಪಣಿ ಸಾಕು.

‘ಪರ್ಯಾಯ ಬ್ಯಾಕೆಂಡ್’ ಚೆನ್ನಾಗಿದೆ. ‘ಬದಲಿ’ ಎಂದರೆ ಹಳೆಯದನ್ನು ಕಿತ್ತಂತೆ ಕೇಳಿಸುತ್ತದೆ. ಇ-ಪೋಲ್ ಉಳಿಯಲೇಬೇಕು: ಐಓ-ಯೂರಿಂಗ್ ಬಂದದ್ದು 2019ರ ಲಿನಕ್ಸ್ 5.1ರಲ್ಲಿ, ಅದರ ರಿಸೀವ್ ಕೋರಿಕೆ 5.6ರಲ್ಲಿ. ಕಂಟೇನರ್‌ಗಳಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣಗಳಲ್ಲಿ) ಅದಕ್ಕೆ ಅನುಮತಿಯೇ ಸಿಗದಿರುವುದೂ ಉಂಟು. ಯಾವ ಬ್ಯಾಕೆಂಡ್ ಎಂಬ ಆಯ್ಕೆ, ಲೂಪ್ ಶುರುವಾಗುವ ಮುನ್ನವೇ ಆಗಬೇಕು ಎಂಬ ಸಾಲನ್ನು ಆ ಅಧ್ಯಾಯದ ಮೊದಲಿಗೇ ತನ್ನಿ.