ದೊಡ್ಡ ಬ್ರೇಕ್ ಕಿಟ್ ಹಾಕ್ಸಿದ್ಮೇಲೆ ಪೆಡಲ್ ಮೆತ್ತಗಾಗಿದೆ, ಎಷ್ಟು ಬ್ಲೀಡ್ ಮಾಡಿದ್ರೂ ಏರ್ ಹೋಗ್ತಿಲ್ಲ

ಟರ್ಬೊ ಹುಡ್ಗ:
ಎಲ್ರಿಗೂ ನಮಸ್ಕಾರ. ನಂದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, ಸುಮಾರು 1200 ಕೆಜಿ ಗಾಡಿ. ಮುಂದೆ ಕಂಪನಿಯಿಂದ ಬಂದಿದ್ದು 54 ಮಿಮೀ ಒಂಟಿ ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ). ಉದ್ದ ಇಳಿಜಾರಲ್ಲಿ ಸ್ವಲ್ಪ ಜೋರಾಗಿ ಓಡಿಸಿದ್ರೆ ಸುಟ್ಟ ವಾಸನೆ ಬಂದು ಹಿಡಿತ ಕಮ್ಮಿ ಆಗ್ತಿತ್ತು. ಅದಕ್ಕೇ ಮುಂದಿನ ಎರಡೂ ಚಕ್ರಕ್ಕೆ ನಾಲ್ಕು ಪಿಸ್ಟನ್ನಿನ ಫಿಕ್ಸೆಡ್ ಕ್ಯಾಲಿಪರ್, ದೊಡ್ಡ ಸ್ಲಾಟೆಡ್ ಡಿಸ್ಕ್, ಸ್ಟೀಲ್ ಬ್ರೇಡೆಡ್ ಹೋಸ್, ಪರ್ಫಾರ್ಮೆನ್ಸ್ ಪ್ಯಾಡ್ ಎಲ್ಲಾ ಒಟ್ಟಿಗೇ ಹಾಕ್ಸಿದೆ. ಬ್ರೇಕ್ ಆಯಿಲ್ ಹೊಸ ಡಾಟ್ 4. ಹಿಂದಿನದು ಏನೂ ಮುಟ್ಟಿಲ್ಲ. ಫಿಟ್ ಮಾಡಿದ್ದು ಗ್ಯಾರೇಜಿನವ್ರು.

ಈಗ ಪೆಡಲ್ ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಗುತ್ತೆ, ಮೆತ್ತಗೆ. ಪಟಪಟ ಅಂತ ಎರಡು ಸಲ ಒತ್ತಿದ್ರೆ ಮೇಲೆ ಬಂದು ಗಟ್ಟಿ ಆಗುತ್ತೆ, ಸ್ವಲ್ಪ ಹೊತ್ತು ಬಿಟ್ಟು ಒತ್ತಿದ್ರೆ ಮತ್ತೆ ಅದೇ ಕಥೆ. ಜೊತೆಗೆ ಸ್ಪೀಡಲ್ಲಿ ಬ್ರೇಕ್ ಹಿಡಿದ್ರೆ ಸ್ಟೀರಿಂಗ್ ಸಣ್ಣಗೆ ನಡುಗುತ್ತೆ. ಗ್ಯಾರೇಜಿನವ್ರು ಮತ್ತೆ ಮತ್ತೆ ಬ್ಲೀಡ್ ಮಾಡಿ, ಅಂದ್ರೆ ಆಯಿಲ್ ಹರಿಸಿ ಏರ್ ತೆಗೆದ್ರು, ಆಮೇಲೆ "ಹೊಸ ಪ್ಯಾಡು, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅಂದ್ರು. ಫ್ರೆಂಡ್ ಒಬ್ಬ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋದು) ಹೋಗಿದೆ ಅಂತಾನೆ. ಬದಲಾಯಿಸಿಬಿಡ್ಲಾ?

ಎಣ್ಣೆಕೈ:
ಮೊದ್ಲು ಗಾಡಿ ನಿಲ್ಸಿಬಿಡು ಗುರು, ಈ ಪೆಡಲ್ ಇಟ್ಕೊಂಡು ರಸ್ತೆಗೆ ಹೋಗ್ಬೇಡ. "ಸೆಟ್ ಆಗುತ್ತೆ" ಅನ್ನೋದು ಹಿಡಿತದ ಮಾತು, ಪೆಡಲ್ ಅರ್ಧ ಒಳಗೆ ಹೋಗೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮಾಸ್ಟರ್ ಸಿಲಿಂಡರ್ ಖರ್ಚಿಗೆ ಈಗ್ಲೇ ಕೈ ಹಾಕ್ಬೇಡ. ಇಂಜಿನ್ ಆನ್ ಮಾಡಿ ಪೆಡಲ್ ಒತ್ತಿ ಒಂದೇ ಬಲದಲ್ಲಿ ಅರ್ಧ ನಿಮಿಷ ಹಂಗೇ ಹಿಡ್ಕೊ. ನಿಧಾನಕ್ಕೆ ಕೆಳಗೆ ಕೆಳಗೆ ಇಳೀತಾ ಹೋದ್ರೆ, ಹೊರಗೆಲ್ಲೂ ಲೀಕ್ ಇಲ್ಲ ಅಂದ್ರೆ, ಮಾಸ್ಟರ್ ಒಳಗಿನ ಸೀಲ್ ಮೇಲೆ ಅನುಮಾನ. ಒಂದು ಕಡೆ ನಿಂತು ಬರೀ ಮೆತ್ತಗಿದ್ರೆ ಏರ್. ಪಂಪ್ ಮಾಡಿದ್ರೆ ಮೇಲೆ ಬರುತ್ತೆ ಅಂತ ನೀನೇ ಹೇಳಿದೀಯ, ಅದು ಏರ್ ಅಥವಾ ಪ್ಯಾಡ್-ಡಿಸ್ಕ್ ನಡುವೆ ಜಾಸ್ತಿ ಗ್ಯಾಪ್ ಇರೋ ಲಕ್ಷಣ. ಪೆಡಲ್ ಮೇಲೇ ಕಲ್ಲಿನ ಥರ ಗಟ್ಟಿಯಾಗಿದ್ದು ಗಾಡಿ ನಿಲ್ತಿಲ್ಲ ಅಂದಿದ್ರೆ ಬೂಸ್ಟರ್ (ಕಾಲಿನ ಬಲ ಹೆಚ್ಚಿಸೋದು) ಕಡೆ ನೋಡ್ಬೇಕಿತ್ತು, ನಿಂದು ಅದಲ್ಲ.

ಟರ್ಬೊ ಹುಡ್ಗ:
ಅಣ್ಣ ನೋಡ್ದೆ, ಕೆಳಗೆ ಇಳಿಯಲ್ಲ, ಒಂದು ಕಡೆ ನಿಲ್ಲುತ್ತೆ. ಆದ್ರೆ ಮೆತ್ತಗೇ ಇದೆ. ಹೋಸ್ ಜಾಯಿಂಟೆಲ್ಲ ಟಿಶ್ಯೂ ಪೇಪರಲ್ಲಿ ಒರೆಸಿ ನೋಡ್ದೆ, ಒಣಗಿದೆ, ಲೀಕ್ ಇಲ್ಲ.

ಮೂರನೇ ಗೇರ್:
ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯೋದು) ಬ್ಲಾಕ್ ಒಳಗೆ ಏರ್ ಸಿಕ್ಕಾಕೊಂಡಿರುತ್ತೆ ಸರ್, ಸ್ಕ್ಯಾನರ್ ಹಾಕಿ ಪಂಪ್, ವಾಲ್ವ್ ಓಡಿಸಿದ್ರೆ ಮಾತ್ರ ಹೋಗುತ್ತೆ, ಬರೀ ಪೆಡಲ್ ಒತ್ತಿ ಬ್ಲೀಡ್ ಮಾಡಿದ್ರೆ ಆಗಲ್ಲ. ಇಲ್ಲಾಂದ್ರೆ ಯಾವ ಚಕ್ರದಲ್ಲಿದೆ ಅಂತ ಗೊತ್ತಾಗೋಕೆ ಒಂದೊಂದೇ ಹೋಸ್ ಕ್ಲ್ಯಾಂಪ್ ಹಾಕಿ ಪೆಡಲ್ ಒತ್ತಿ ನೋಡಿ. ಯಾವ ಹೋಸ್ ಮುಚ್ಚಿದಾಗ ಪೆಡಲ್ ಗಟ್ಟಿ ಆಗುತ್ತೋ ಏರ್ ಅಲ್ಲೇ ಇದೆ.

ಎಣ್ಣೆಕೈ:
ಕ್ಲ್ಯಾಂಪ್ ಐಡಿಯಾ ರಬ್ಬರ್ ಹೋಸಿಗೆ ಸರಿ, ಬ್ರೇಡೆಡ್ ಹೋಸಿಗೆ ದಯವಿಟ್ಟು ಬೇಡ. ಒಳಗಿನ ಟ್ಯೂಬ್ ಮಡಚಿದ್ರೆ ಅಲ್ಲಿಗೆ ಹೋಸ್ ಕಥೆ ಮುಗೀತು, ಹೊರಗೆ ಸ್ಟೀಲ್ ಜಾಲರಿ ಇರೋದ್ರಿಂದ ಕಾಣೋದೂ ಇಲ್ಲ.

ಎಬಿಎಸ್ ಮಾತು ಆಗೋ ಮಾತೇ, ಆದ್ರೆ ಕೆಲಸ ಮಾಡುವಾಗ ಬ್ರೇಕ್ ಆಯಿಲ್ ಟ್ಯಾಂಕ್ ಪೂರ್ತಿ ಖಾಲಿ ಆಗಿದ್ರೆ ಮಾತ್ರ ಆ ಕಡೆ ಹೋಗೋಣ. ಅದಕ್ಕಿಂತ ಮುಂಚೆ ಒಂದು ಸಣ್ಣ ಕೆಲಸ: ಚಕ್ರ ಬಿಚ್ಚಿ ಎರಡೂ ಕ್ಯಾಲಿಪರ್ ಫೋಟೊ ಹಾಕು. ಬ್ಲೀಡ್ ನಿಪ್ಪಲ್ (ಏರ್ ಹೊರಗೆ ಬಿಡೋ ಸ್ಕ್ರೂ) ಮೇಲಿದೆಯೋ ಕೆಳಗಿದೆಯೋ ಕಾಣೋ ಹಾಗೆ ತೆಗಿ. ಹಾಗೇ ಪಿಸ್ಟನ್ ಸೈಜ್ ಎಷ್ಟು ಅಂತ ಕಿಟ್ ಪೇಪರಲ್ಲಿ ನೋಡಿ ಹೇಳು.

ಟರ್ಬೊ ಹುಡ್ಗ:
ಫೋಟೊ ಹಾಕಿದೀನಿ. ನಿಪ್ಪಲ್ ಎರಡೂ ಕಡೆ ಕೆಳಗಿದೆ. ಮೇಲ್ಗಡೆ ಒಳಗಿನ ಭಾಗಕ್ಕೂ ಹೊರಗಿನ ಭಾಗಕ್ಕೂ ಸೇರ್ಸೋ ಸಣ್ಣ ಪೈಪ್ ಇದೆ. ಪಿಸ್ಟನ್ 40 ಮತ್ತೆ 44 ಮಿಮೀ ಅಂತ ಇದೆ, ಎರಡೆರಡು. ಟ್ಯಾಂಕ್ ಖಾಲಿ ಆಗಿಲ್ಲ ಅಂತ ಗ್ಯಾರೇಜಿನವ್ರು ಹೇಳ್ತಾರೆ.

ಎಣ್ಣೆಕೈ:
ಸಿಕ್ತು. ಎಡಗಡೆ ಕ್ಯಾಲಿಪರ್ ಬಲಗಡೆಗೂ ಬಲಗಡೆದು ಎಡಗಡೆಗೂ ಕೂತಿದೆ. ಬೋಲ್ಟ್ ತೂತು ಎರಡೂ ಕಡೆ ಒಂದೇ ಅಳತೆ ಇರೋದ್ರಿಂದ ಆರಾಮಾಗಿ ಕೂತ್ಕೊಳುತ್ತೆ, ಬ್ರೇಕೂ ಹಿಡಿಯುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಆದ್ರೆ ತಲೆಕೆಳಗಾಗಿದೆ. ಏರ್ ಯಾವಾಗ್ಲೂ ಮೇಲೆ ಹೋಗಿ ಕೂರುತ್ತೆ, ನಿಪ್ಪಲ್ ಕೆಳಗಿದ್ರೆ ಲೀಟರ್‌ಗಟ್ಟಲೆ ಆಯಿಲ್ ಹರಿಸಿದ್ರೂ ಬರೋದು ಬರೀ ಆಯಿಲ್ಲೇ, ಮೇಲಿರೋ ಗುಳ್ಳೆ ಅಲ್ಲೇ ಇರುತ್ತೆ. ಆ ಸೇರ್ಸೋ ಪೈಪ್ ಕೆಳಗೆ ಬರ್ಬೇಕು, ನಿಪ್ಪಲ್ ಮೇಲೆ.

ಇನ್ನೊಂದು ವಿಷಯ, ಏರಿಗಿಂತ ಇದು ಕಮ್ಮಿ ಜನಕ್ಕೆ ಗೊತ್ತು. 40, 44 ಅಂತ ಎರಡು ಸೈಜ್ ಕೊಟ್ಟಿರೋದು ಸುಮ್ನೆ ಅಲ್ಲ. ಗಾಡಿ ಮುಂದೆ ಹೋಗುವಾಗ ಡಿಸ್ಕ್ ಪ್ಯಾಡಿನೊಳಗೆ ಎಂಟ್ರಿ ಆಗೋ ತುದಿ ಇದೆಯಲ್ಲ, ಅಲ್ಲಿ ಪ್ಯಾಡ್ ಜಾಸ್ತಿ ಸವೆಯುತ್ತೆ. ಅದಕ್ಕೇ ಆ ತುದಿಗೆ ಸಣ್ಣ ಪಿಸ್ಟನ್, ಹೊರಗೆ ಹೋಗೋ ತುದಿಗೆ ದೊಡ್ಡದು. ಅದಲು ಬದಲಾದ್ರೆ ಮೊದಲೇ ಜಾಸ್ತಿ ಸವೆಯೋ ತುದಿಗೆ ಇನ್ನೂ ಜಾಸ್ತಿ ಒತ್ತಡ ಬಿದ್ದು ಪ್ಯಾಡ್ ಓರೆಯಾಗಿ ಸವೆದು, ಕೊನೆಗೆ ಓರೆ ಪ್ಯಾಡಿನಿಂದಾನೇ ಪೆಡಲ್ ಮೆತ್ತಗಾಗುತ್ತೆ. ನೀನು ಕಮ್ಮಿ ಓಡಿಸಿದೀಯ, ಪ್ಯಾಡ್ ಬಚಾವ್ ಆಗಿರುತ್ತೆ, ಆದ್ರೂ ಬಿಚ್ಚಿದಾಗ ಎರಡೂ ತುದಿ ದಪ್ಪ ಅಳೆದು ನೋಡು.

ಬದಲಾಯಿಸುವಾಗ ಹೋಸನ್ನ ಕ್ಯಾಲಿಪರಿಗೆ ಸೇರ್ಸೋ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಹಾಕ್ಬೇಕು, ಪ್ರತಿ ಬೋಲ್ಟಿಗೆ ಎರಡು. ಒಂದು ಸಲ ಒತ್ತಿ ಚಪ್ಪಟೆ ಆಗಿರೋದನ್ನ ತಿರುಗ ಹಾಕಿದ್ರೆ ಒಸರೋಕೆ ಶುರು ಮಾಡುತ್ತೆ. ಹೋಸ್ ತಿರುಚಿಕೊಂಡಿಲ್ಲ ಅಂತ ನೋಡಿ, ಸ್ಟೀರಿಂಗ್ ಎರಡೂ ಕಡೆ ಫುಲ್ ತಿರುಗಿಸಿ ಎಲ್ಲೂ ಎಳೀತಿಲ್ಲ, ಟೈರಿಗೆ ಉಜ್ಜಲ್ಲ ಅಂತ ನೋಡು. ನಿಪ್ಪಲ್ ಒಂದು ಕ್ಯಾಲಿಪರಿಗೆ ಎರಡಿದ್ರೆ, ಒಳಗಡೆ ಒಂದು ಹೊರಗಡೆ ಒಂದು, ಎರಡರಿಂದಲೂ ಏರ್ ತೆಗೀಬೇಕು. ಹೊರಗಡೆದು ಕೈಗೆ ಸಿಗುತ್ತೆ ಅಂತ ಅದೊಂದೇ ಮಾಡಿ ಬಿಡೋರು ತುಂಬಾ ಜನ. ಯಾವ ಚಕ್ರ ಮೊದ್ಲು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ನಿನ್ ಮ್ಯಾನ್ಯುಯಲ್ ಏನು ಹೇಳುತ್ತೋ ಅದು.

ಇನ್ನು, ಹಳೇ ಗಾಡಿ ಆಗಿದ್ರೆ ಬ್ಲೀಡ್ ಮಾಡುವಾಗ ಪೆಡಲ್ ನೆಲದವರೆಗೂ ಒತ್ತಬೇಡ, ಕೆಳಗೆ ಒಂದು ಮರದ ತುಂಡು ಇಡು. ದಿನಾ ಪೆಡಲ್ ಹೋಗದೇ ಇರೋ ಜಾಗದಲ್ಲಿ ಮಾಸ್ಟರ್ ಒಳಗೆ ತುಕ್ಕು ಕೂತಿರುತ್ತೆ, ಸೀಲ್ ಅಲ್ಲಿಗೆ ಹೋದ್ರೆ ಹರಿಯುತ್ತೆ. ಆಮೇಲೆ ನಿನ್ ಫ್ರೆಂಡ್ ಮಾತು ನಿಜ ಆಗುತ್ತೆ.

ಹಳೇ ಸ್ಪ್ಯಾನರ್:
ಎಲ್ಲಾ ಸರಿ, ಆದ್ರೆ ಈ ಕಿಟ್ ಬೇಕಿತ್ತಾ ಅನ್ನೋದು ನನ್ನ ಪ್ರಶ್ನೆ. ವಾಸನೆ ಬಂತು, ಹಿಡಿತ ಕಮ್ಮಿ ಆಯ್ತು, ಆದ್ರೆ ಪೆಡಲ್ ನೆಲಕ್ಕೆ ಹೋಗ್ಲಿಲ್ಲ ಅಂದ್ರೆ ಅದು ಪ್ಯಾಡ್ ಫೇಡ್, ಅಂದ್ರೆ ಪ್ಯಾಡ್ ಕಾದು ಹಿಡಿತ ಕಳ್ಕೊಂಡಿದ್ದು, ಬ್ರೇಕ್ ಆಯಿಲ್ ಕುದ್ದಿದ್ದಲ್ಲ. ಒಳ್ಳೇ ಪ್ಯಾಡು, ಹೊಸ ಆಯಿಲ್, ಒಳ್ಳೇ ಟೈರ್, ಇಷ್ಟರಲ್ಲೇ ಮುಕ್ಕಾಲು ಪಾಲು ಮುಗೀತಿತ್ತು. ಕಂಪನಿ ಬ್ರೇಕಲ್ಲೇ ಜೋರಾಗಿ ಒತ್ತಿದ್ರೆ ಎಬಿಎಸ್ ಕೆಲಸ ಮಾಡ್ತಿತ್ತು ಅಂದ್ರೆ ಚಕ್ರ ಲಾಕ್ ಮಾಡೋ ತಾಕತ್ತು ಅದಕ್ಕೆ ಆಗ್ಲೇ ಇತ್ತು, ಅದರಾಚೆ ಗಾಡಿ ನಿಲ್ಸೋದು ಟೈರು. ಆರು ಪಿಸ್ಟನ್ ಹಾಕಿದ್ರೂ ಒಂದೇ ಒಂದು ಪ್ಯಾನಿಕ್ ಬ್ರೇಕಲ್ಲಿ ದೂರ ಕಮ್ಮಿ ಆಗಲ್ಲ.

ಎಣ್ಣೆಕೈ:
ನೀವು ಹೇಳೋದು ಒಪ್ಪಿದೆ ಸರ್, ನಾನಾಗಿದ್ರೂ ಮೊದ್ಲು ಪ್ಯಾಡು ಆಯಿಲ್ಲೇ ಮಾಡ್ತಿದ್ದೆ. ಆದ್ರೆ ದೊಡ್ಡ ಡಿಸ್ಕ್ ದಂಡ ಅಲ್ಲ, ಅದರ ಕೆಲಸ ಬೇರೆ. ಲೆಕ್ಕ ಹಾಕಿ ನೋಡಿ: 1200 ಕೆಜಿ ಗಾಡಿ ಗಂಟೆಗೆ 100 ಕಿಮೀ ಇಂದ ನಿಂತ್ರೆ ಸುಮಾರು 463 ಕಿಲೋಜೌಲ್ ಶಾಖ ಆಗುತ್ತೆ. ಅದರಲ್ಲಿ ನೂರಕ್ಕೆ 70 ಮುಂದಿನ ಬ್ರೇಕಿಗೆ ಹೋಯ್ತು ಅಂತ ಇಟ್ಕೊಂಡ್ರೆ, 6 ಕೆಜಿ ಡಿಸ್ಕ್ ಒಂದು ಸಲಕ್ಕೆ 55 ಡಿಗ್ರಿ ಆಸುಪಾಸು ಏರುತ್ತೆ, ಎಂಟೂವರೆ ಕೆಜಿದಾದ್ರೆ 40. ಒಂದು ಸಲಕ್ಕೆ ಇದೇನೂ ಅಲ್ಲ. ಆರೋಕೆ ಟೈಮ್ ಕೊಡದೆ ಇಳಿಜಾರಲ್ಲಿ ಮೇಲಿಂದ ಮೇಲೆ ಹಿಡಿದಾಗ ಆ 15 ಡಿಗ್ರಿ ವ್ಯತ್ಯಾಸ ಸೇರ್ತಾ ಸೇರ್ತಾ ಹೋಗುತ್ತೆ. ಅದೇ 120 ಇಂದ ನಿಲ್ಸಿದ್ರೆ ಶಾಖ 44 ಪರ್ಸೆಂಟ್ ಜಾಸ್ತಿ, ಸ್ಪೀಡ್ ಜಾಸ್ತಿ ಆಗಿದ್ದು ಬರೀ 20 ಪರ್ಸೆಂಟ್. ಹಂಗಾಗಿ ಇಳಿಜಾರಲ್ಲಿ ಗೇರ್ ಇಳಿಸಿ ಇಂಜಿನ್ ಬ್ರೇಕಿಂಗ್ ಮಾಡೋದು ಯಾವ ಕಿಟ್ಟಿಗೂ ಕಮ್ಮಿ ಇಲ್ಲ, ದುಡ್ಡೂ ಬೇಡ.

ಹೊಸಬ:
ಮಧ್ಯೆ ಬಾಯಿ ಹಾಕ್ತೀನಿ ಸಾರಿ, ಡಾಟ್ 4 ಬದಲು ಡಾಟ್ 5 ಹಾಕಿದ್ರೆ ಇನ್ನೂ ಒಳ್ಳೇದಲ್ವಾ? ನಂಬರ್ ದೊಡ್ಡದು ತಾನೇ.

ಹಳೇ ಸ್ಪ್ಯಾನರ್:
ಬೇಡಪ್ಪ. ಡಾಟ್ 5 ಸಿಲಿಕೋನ್, ಡಾಟ್ 3, 4, 5.1 ಇವು ಗ್ಲೈಕಾಲ್ ಜಾತಿ. ಒಂದಕ್ಕೊಂದು ಬೆರೆಯಲ್ಲ, ಎಬಿಎಸ್ ಇರೋ ಗಾಡಿಗೆ ಸಿಲಿಕೋನ್ ಹಾಕೋದೂ ಇಲ್ಲ. ಮೇಲಕ್ಕೆ ಹೋಗ್ಬೇಕು ಅಂದ್ರೆ 5.1, ಆ ಚುಕ್ಕಿ ಒಂದು ಮರೀಬೇಡ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು, 5.1 ಆದ್ರೆ 260. ಆದ್ರೆ ಗ್ಲೈಕಾಲ್ ಆಯಿಲ್ ಗಾಳಿಯಿಂದ ನೀರು ಹೀರ್ಕೊಳುತ್ತೆ, 3.7 ಪರ್ಸೆಂಟ್ ನೀರು ಸೇರಿದ ಮೇಲಿನ ಕನಿಷ್ಠ ಮಿತಿ 155 ಮತ್ತೆ 180. ಅಂದ್ರೆ ಹಳಸಿದ 5.1 ಗಿಂತ ಹೊಸ ಡಾಟ್ 4 ವಾಸಿ. ಬ್ರ್ಯಾಂಡ್ ಹುಡುಕೋ ಟೈಮಲ್ಲಿ ಎರಡು ವರ್ಷಕ್ಕೊಂದು ಸಲ ಬದಲಾಯಿಸು ಸಾಕು, ಮತ್ತೆ ತೆರೆದ ಡಬ್ಬ ಎತ್ತಿಟ್ಟು ಮುಂದಿನ ವರ್ಷ ಹಾಕ್ಬೇಡ.

ಟರ್ಬೊ ಹುಡ್ಗ:
ಅಣ್ಣ, ಕ್ಯಾಲಿಪರ್ ಅದಲು ಬದಲು ಮಾಡ್ಸಿದೆ, ನಾನೇ ಪಕ್ಕದಲ್ಲಿ ನಿಂತಿದ್ದೆ. ನಿಪ್ಪಲ್ ಬಿಟ್ಟ ತಕ್ಷಣ ಬುಸ್ ಅಂತ ಏರ್ ಬಂತು, ಒಳಗಡೆ ನಿಪ್ಪಲ್‌ನಿಂದಂತೂ ಸುಮಾರು ಹೊತ್ತು ಗುಳ್ಳೆ ಬರ್ತಾನೇ ಇತ್ತು. ಪ್ಯಾಡ್ ಓರೆ ಆಗಿಲ್ಲ. ಪೆಡಲ್ ಈಗ ಗಟ್ಟಿ ಇದೆ, ಪಂಪ್ ಮಾಡಿದ್ರೂ ಮೇಲೆ ಏರಲ್ಲ. ಆದ್ರೆ ಮುಂಚೆ ಕಂಪನಿ ಬ್ರೇಕಲ್ಲಿ ಇದ್ದಿದ್ದಕ್ಕಿಂತ ಇನ್ನೂ ಸ್ವಲ್ಪ ಕೆಳಗೇ ಹಿಡಿಯುತ್ತೆ. ಇನ್ನೂ ಏರ್ ಉಳಿದಿದೆಯಾ? ನಡುಕ ಹಂಗೇ ಇದೆ.

ಎಣ್ಣೆಕೈ:
ಪಂಪ್ ಮಾಡಿದ್ರೂ ಅಲ್ಲೇ ನಿಲ್ಲುತ್ತೆ ಅಂದ್ರೆ ಏರ್ ಇಲ್ಲ, ಇನ್ನು ಬ್ಲೀಡ್ ಮಾಡ್ಸಿ ಆಯಿಲ್ ದಂಡ ಮಾಡ್ಬೇಡ. ಉಳಿದಿರೋದು ಕಿಟ್ಟಿನ ಗುಣ. 54 ಮಿಮೀ ಪಿಸ್ಟನ್ ವಿಸ್ತೀರ್ಣ ಸುಮಾರು 2290 ಚದರ ಮಿಮೀ. ಹೊಸದರಲ್ಲಿ ಒಂದು ಬದಿಯ 40 ಮತ್ತೆ 44 ಕೂಡಿದ್ರೆ 2777. ಒಂದು ಬದಿ ಮಾತ್ರ ಲೆಕ್ಕ ಹಾಕ್ಬೇಕು, ನಾಲ್ಕೂ ಕೂಡಿಸಬಾರದು, ಯಾಕಂದ್ರೆ ಹಳೇ ಕ್ಯಾಲಿಪರ್ ಜಾರೋದ್ರಿಂದ ಆ ಒಂದೇ ಪಿಸ್ಟನ್ ಎರಡೂ ಪ್ಯಾಡಿನ ಗ್ಯಾಪ್ ಮುಚ್ಚೋ ಅಷ್ಟು ದೂರ ಹೋಗ್ತಿತ್ತು. ಹಂಗೆ ನೋಡಿದ್ರೆ 21 ಪರ್ಸೆಂಟ್ ಜಾಸ್ತಿ ಆಯಿಲ್ ಬೇಕು, ಮಾಸ್ಟರ್ ಅದೇ ಹಳೇದು, ಪೆಡಲ್ ಅಷ್ಟು ಉದ್ದ ಹೋಗ್ಲೇಬೇಕು.

ದೊಡ್ಡ ಮಾಸ್ಟರ್ ಹಾಕಿದ್ರೆ ಪೆಡಲ್ ಮೇಲೆ ಬರುತ್ತೆ, ಉದಾಹರಣೆಗೆ 22.2 ಇಂದ 23.8 ಮಿಮೀಗೆ ಹೋದ್ರೆ 15 ಪರ್ಸೆಂಟ್ ಜಾಸ್ತಿ ಆಯಿಲ್ ತಳ್ಳುತ್ತೆ, ಆದ್ರೆ ಅದೇ ಒತ್ತಡ ಬರೋಕೆ ಕಾಲಲ್ಲಿ ಅಷ್ಟೇ ಜಾಸ್ತಿ ಬಲ ಹಾಕ್ಬೇಕು. ನಾನಾಗಿದ್ರೆ ಮುಟ್ಟಲ್ಲ.

ನನಗೆ ಅದಕ್ಕಿಂತ ತಲೆಬಿಸಿ ಆಗೋದು ಹಿಂದಿನ ಚಕ್ರ. ಮುಂದೆ ವಿಸ್ತೀರ್ಣ 21 ಪರ್ಸೆಂಟ್ ಜಾಸ್ತಿ, ಡಿಸ್ಕ್ ದೊಡ್ಡದು, ಪ್ಯಾಡ್ ಕಚ್ಚೋದು ಜಾಸ್ತಿ, ಹಿಂದೆ ಎಲ್ಲಾ ಹಳೇದು. ಮುಂದಿನ ಚಕ್ರ ಬೇಗ ಲಾಕ್ ಆಗಿ ಎಬಿಎಸ್ ಬೇಗ ಎದ್ದೇಳುತ್ತೆ, ಹಿಂದಿನ ಟೈರಿನ ಹಿಡಿತ ಪೂರ್ತಿ ಬಳಕೆ ಆಗಲ್ಲ, ಗಾಡಿ ನಿಲ್ಲೋ ದೂರ ಹಳೇದಕ್ಕಿಂತ ಜಾಸ್ತಿ ಆದ್ರೂ ಆಶ್ಚರ್ಯ ಇಲ್ಲ. ಪ್ಯಾಡ್ ಅಂಚಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತೆ, ಮೊದಲನೇದು ಮಾಮೂಲಿ ಬಿಸಿಯಲ್ಲಿ, ಎರಡನೇದು ಜಾಸ್ತಿ ಬಿಸಿಯಲ್ಲಿ ಎಷ್ಟು ಘರ್ಷಣೆ ಅಂತ. ಎಫ್ ಅಂದ್ರೆ 0.35 ಇಂದ 0.45, ಜಿ ಅಂದ್ರೆ 0.45 ಇಂದ 0.55. ಮುಂದೆ ಜಿಜಿ, ಹಿಂದೆ ಎಫ್ ಗಿಂತ ಕಮ್ಮಿಯ ಇಇ ಇದ್ರೆ ಬ್ಯಾಲೆನ್ಸ್ ಕೆಟ್ಟಿದೆ ಅಂತಾನೇ ಅರ್ಥ. ಮುಂದೆ ಎಫ್‌ಎಫ್‌ಗೆ ಇಳಿ, ಇಲ್ಲ ಹಿಂದೆ ಒಂದು ಹೆಜ್ಜೆ ಮೇಲೆ ಹೋಗು.

ನಡುಕಕ್ಕೆ ಎಲ್ರೂ ಡಿಸ್ಕ್ ಬೆಂಡ್ ಅಂತಾರೆ, ಹೊಸ ಡಿಸ್ಕ್ ಅಷ್ಟು ಸುಲಭಕ್ಕೆ ಬೆಂಡ್ ಆಗಲ್ಲ. ಹಬ್ ಮುಖದ ಮೇಲೆ ತುಕ್ಕು ಬಿಟ್ಟು ಅದರ ಮೇಲೇ ಡಿಸ್ಕ್ ಕೂರಿಸಿರ್ತಾರೆ. ವೈರ್ ಬ್ರಷ್ಷಲ್ಲಿ ಹೊಳೆಯೋ ತನಕ ಉಜ್ಜಿ, ಡಿಸ್ಕ್ ಕೂರಿಸಿ, ನಟ್ ಟೈಟ್ ಮಾಡಿ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡ್ಸು. ಡಿಸ್ಕಿನ ಓಲಾಟ 0.05 ಮಿಮೀ ಒಳಗಿದ್ರೆ ಆರಾಮು. ಬಿಚ್ಚಿದಾಗ ಡಿಸ್ಕ್ ಒಳಗಿನ ಗಾಳಿ ರೆಕ್ಕೆಗಳನ್ನೂ ನೋಡು: ನೇರ ಇದ್ರೆ ಯಾವ ಕಡೆ ಆದ್ರೂ ಸರಿ, ಬಾಗಿದ್ರೆ ಹೊರತುದಿ ತಿರುಗೋ ದಿಕ್ಕಿಗೆ ಹಿಂದಕ್ಕೆ ವಾಲಿರ್ಬೇಕು. ಮೇಲಿನ ಸ್ಲಾಟ್ ನೋಡಿ ಎಡ ಬಲ ನಿರ್ಧಾರ ಮಾಡ್ಬೇಡ, ಕ್ಯಾಲಿಪರ್ ಅದಲು ಬದಲು ಮಾಡಿದ ಕೈ ಡಿಸ್ಕನ್ನೂ ಮಾಡಿರಬಹುದು.

ಟರ್ಬೊ ಹುಡ್ಗ:
ರೆಕ್ಕೆ ನೇರ ಇದೆ. ಬಲಗಡೆ ಹಬ್ ಮೇಲೆ ತುಕ್ಕು ಪದರ ಇತ್ತು ಅಣ್ಣ, ಉಜ್ಜಿದ್ಮೇಲೆ ಗೇಜಲ್ಲಿ 0.03 ತೋರಿಸ್ತು. ಪ್ಯಾಡಲ್ಲಿ ಜಿಜಿ ಅಂತ ಇದೆ, ಹಿಂದೆ ನೋಡಿದ್ರೆ ಇಎಫ್. ಮುಂದೆ ಎಫ್‌ಎಫ್ ಆರ್ಡರ್ ಹಾಕ್ತೀನಿ. ಬೆಡ್ಡಿಂಗ್ (ಹೊಸ ಪ್ಯಾಡನ್ನ ಡಿಸ್ಕಿಗೆ ಒಗ್ಗಿಸೋದು) ಹೆಂಗೆ ಮಾಡೋದು, ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಎಣ್ಣೆಕೈ:
ಪ್ಯಾಡ್ ಕಂಪನಿ ಪೇಪರಲ್ಲಿ ಇರೋದೇ ಕೊನೆ ಮಾತು. ಪೇಪರ್ ಇಲ್ಲ ಅಂದ್ರೆ, ಮೊದ್ಲು ಡಿಸ್ಕನ್ನ ಬ್ರೇಕ್ ಕ್ಲೀನರಲ್ಲಿ ತೊಳೆದು ಎಣ್ಣೆ ಅಂಶ ತೆಗಿ. ಆಮೇಲೆ ಖಾಲಿ ರಸ್ತೆ, ಹಿಂದೆ ಯಾರೂ ಇರಬಾರದು, 100 ಇಂದ 20 ರವರೆಗೆ ಜೋರಾಗಿ ಆದ್ರೆ ಎಬಿಎಸ್ ಏಳದ ಹಾಗೆ ಎಂಟು ಹತ್ತು ಸಲ. ಪೂರ್ತಿ ನಿಲ್ಸಬಾರದು. ಕಾದ ಪ್ಯಾಡನ್ನ ಡಿಸ್ಕಿಗೆ ಒತ್ತಿ ನಿಂತ್ಕೊಂಡ್ರೆ ಅದರ ಪದರ ಅಲ್ಲೇ ಅಂಟಿ ಆ ಒಂದು ಜಾಗದಿಂದ ಮತ್ತೆ ನಡುಕ ಶುರುವಾಗುತ್ತೆ. ಮುಗಿದ್ಮೇಲೆ ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ ಆರಿಸು, ನಿಲ್ಸಿದ್ಮೇಲೂ ಹ್ಯಾಂಡ್‌ಬ್ರೇಕ್ ಬೇಡ, ಗೇರಲ್ಲಿ ಬಿಡು. ಡಿಸ್ಕಿನ ಮೇಲೆ ಜಿಜಿ ಪ್ಯಾಡಿನ ಪದರ ಕೂತಿದ್ರೆ ಹೊಸ ಪ್ಯಾಡ್ ಹಾಕೋಕೆ ಮುಂಚೆ ಗಾರ್ನೆಟ್ ಪೇಪರಲ್ಲಿ ತಿಕ್ಕಿ ತೆಗಿ.

ಟರ್ಬೊ ಹುಡ್ಗ:
ಎಫ್‌ಎಫ್ ಹಾಕ್ಸಿ ಬೆಡ್ಡಿಂಗ್ ಮಾಡ್ದೆ. ನಡುಕ ಇಲ್ಲ, ಎಬಿಎಸ್ ಮುಂಚಿನ ಹಾಗೆ ಸುಮ್ಸುಮ್ನೆ ಏಳಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಕುಯ್ಯ್ ಅಂತ ಸದ್ದು ಬರುತ್ತೆ, ಸ್ವಲ್ಪ ದೂರ ಹೋದ್ಮೇಲೆ ನಿಲ್ಲುತ್ತೆ.

ಹಳೇ ಸ್ಪ್ಯಾನರ್:
ಇಂಥ ಪ್ಯಾಡಿಗೆ ಅಷ್ಟು ಸದ್ದು ಇದ್ದಿದ್ದೇ, ಬಿಸಿ ಆದ್ಮೇಲೂ ಬಂದ್ರೆ ಪ್ಯಾಡ್ ಹಿಂದಿನ ಶಿಮ್ (ಸದ್ದು ತಡೆಯೋ ತೆಳು ತಗಡು) ಇದೆಯಾ ಅಂತ ನೋಡ್ಸು. ಚಕ್ರದ ನಟ್ ಮಾತ್ರ ಟಾರ್ಕ್ ರೆಂಚಲ್ಲಿ ಇನ್ನೊಂದ್ಸಲ ಚೆಕ್ ಮಾಡ್ಸು, ಇಷ್ಟೊಂದು ಸಲ ಬಿಚ್ಚಿ ಹಾಕಿದಾರೆ.